ಅಭ್ಯರ್ಥಿಯ ಆಸ್ತಿ ವಿವರ: ಬರೆದುಕೊಟ್ಟಿದ್ದಾರೆ, ಓದುವವರು ಯಾರು?

ನಾಮಪತ್ರ ಸಲ್ಲಿಕೆಯ ದಿನಗಳಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಇಂಥ ಅಭ್ಯರ್ಥಿ ಕೋಟ್ಯಧಿಪತಿ, ಇಂಥವರ ಪತ್ನಿಯ ಬಳಿ ಇಷ್ಟು ಪವನ್ ಚಿನ್ನ, ಇಂಥವರಿಗೆ ಸ್ವಂತ ಕಾರೇ ಇಲ್ಲ. ಓದಿದವರು ಒಂದು ಕ್ಷಣ ಹುಬ್ಬೇರಿಸುತ್ತಾರೆ, ಚಹಾ ಅಂಗಡಿಯಲ್ಲಿ ನಾಲ್ಕು ಮಾತಾಗುತ್ತದೆ, ಮಾರನೆಯ ದಿನ ಪ್ರಚಾರದ ಅಬ್ಬರದಲ್ಲಿ ಎಲ್ಲವೂ ಮರೆತುಹೋಗುತ್ತದೆ. ಐದು ವರ್ಷಗಳ ನಂತರ ಮತ್ತೆ ಅದೇ ಸುದ್ದಿ, ಮತ್ತೆ ಅದೇ ಮರೆವು. ರಾಜಕಾರಣಿಯ ಸ್ವಂತ ಹಣಕಾಸಿನ ಬಗ್ಗೆ ಈ ದೇಶದ ಮತದಾರನಿಗೆ ಸಿಕ್ಕಿರುವ ಬಹುದೊಡ್ಡ ಹಕ್ಕು ಹೀಗೆ ಒಂದು ದಿನದ ಕುತೂಹಲವಾಗಿ ಉಳಿದುಬಿಟ್ಟಿದೆ.

ಈ ಹಕ್ಕು ಸುಲಭವಾಗಿ ದಕ್ಕಿದ್ದಲ್ಲ. ಅಹಮದಾಬಾದಿನ ಐಐಎಂನ ಕೆಲವು ಪ್ರಾಧ್ಯಾಪಕರು ಕಟ್ಟಿದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್) ಸಂಸ್ಥೆ 1999ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿತು. ಅಭ್ಯರ್ಥಿಯ ಕ್ರಿಮಿನಲ್ ಹಿನ್ನೆಲೆ, ಆಸ್ತಿ, ಸಾಲ ಮತ್ತು ವಿದ್ಯಾಭ್ಯಾಸದ ವಿವರ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟು 2002ರ ಮೇ 2ರಂದು ಸ್ಪಷ್ಟಪಡಿಸಿತು. ಬೇರೆ ವಿಷಯಗಳಲ್ಲಿ ಪರಸ್ಪರ ಕಚ್ಚಾಡುವ ಪಕ್ಷಗಳು ಈ ಒಂದು ವಿಷಯದಲ್ಲಿ ಒಂದಾದವು. ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ತೀರ್ಪನ್ನು ದುರ್ಬಲಗೊಳಿಸುವ ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಒಮ್ಮೆ ಹಿಂದಕ್ಕೆ ಕಳಿಸಿದರೂ ಎರಡನೇ ಬಾರಿ ಸಹಿ ಹಾಕಬೇಕಾಯಿತು. ನಂತರ ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಗೆ 33ಬಿ ಎಂಬ ಕಲಂ ಸೇರಿಸಿ, ಕಾಯ್ದೆ ಕೇಳಿದ್ದಕ್ಕಿಂತ ಹೆಚ್ಚು ಹೇಳಬೇಕಿಲ್ಲ ಎಂದು ಅಭ್ಯರ್ಥಿಗಳಿಗೆ ರಕ್ಷಣೆ ಕೊಟ್ಟಿತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಆ ಕಲಮನ್ನೇ ರದ್ದುಪಡಿಸಿತು. ಇಂದು ಪ್ರತಿ ಅಭ್ಯರ್ಥಿಯೂ ಪ್ರಮಾಣ ಮಾಡಿ ಸಲ್ಲಿಸುವ ನಮೂನೆ 26ರ ಹಿಂದೆ ಇಷ್ಟು ಜಗ್ಗಾಟವಿದೆ.

ಆ ನಮೂನೆಯಲ್ಲಿ ಏನಿರುತ್ತದೆ? ಅಭ್ಯರ್ಥಿ, ಪತಿ ಅಥವಾ ಪತ್ನಿ ಮತ್ತು ಅವಲಂಬಿತರ ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಷೇರು, ಅಂಚೆ ಕಚೇರಿ ಉಳಿತಾಯ, ವಿಮೆ, ಬೇರೆಯವರಿಗೆ ಕೊಟ್ಟ ಸಾಲ, ವಾಹನ, ಚಿನ್ನದ ತೂಕ ಮತ್ತು ಬೆಲೆ ಬರೆಯಬೇಕು. ಜಮೀನಾದರೆ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡದ್ದಾದರೆ ಯಾವಾಗ, ಎಷ್ಟಕ್ಕೆ, ಈಗಿನ ಅಂದಾಜು ಬೆಲೆ ಎಷ್ಟು ಎಂಬುದೂ ಬೇಕು. ಬ್ಯಾಂಕಿಗೆ, ವ್ಯಕ್ತಿಗಳಿಗೆ, ಸರ್ಕಾರಕ್ಕೆ ಕೊಡಬೇಕಾದ ಬಾಕಿಯನ್ನೂ ತೋರಿಸಬೇಕು. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ ಎಂದು 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದಾಯದ ಮೂಲವನ್ನೂ ತಿಳಿಸಬೇಕೆಂದು 2018ರ ಫೆಬ್ರವರಿ 16ರ ಲೋಕ ಪ್ರಹರಿ ಪ್ರಕರಣದ ತೀರ್ಪು ಆದೇಶಿಸಿತು. 2019ರ ಫೆಬ್ರವರಿಯಿಂದ ಹಿಂದಿನ ಐದು ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್‌ನ ಮೊತ್ತವೂ ವಿದೇಶಿ ಆಸ್ತಿಯ ವಿವರವೂ ಸೇರಿವೆ.

ಎರಡು ಕಾಗದ ಬೇಕು

ಇಷ್ಟೆಲ್ಲ ಇದ್ದರೂ ಒಂದು ಪ್ರಮಾಣಪತ್ರ ಹೇಳುವುದು ಒಂದು ದಿನದ ಲೆಕ್ಕವನ್ನು ಮಾತ್ರ. ಒಬ್ಬರ ಬಳಿ ಎರಡು ಕೋಟಿ ಇದೆ ಎಂಬುದರಿಂದ ಅವರು ಒಳ್ಳೆಯವರೆಂದೋ ಕೆಟ್ಟವರೆಂದೋ ಗೊತ್ತಾಗುವುದಿಲ್ಲ. ಕಳೆದ ಚುನಾವಣೆಯ ಕಾಗದವನ್ನೂ ಈ ಚುನಾವಣೆಯ ಕಾಗದವನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಲೆಕ್ಕ ಮಾತಾಡತೊಡಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಐದು ವರ್ಷದ ಹಿಂದೆ 40 ಲಕ್ಷ ರೂಪಾಯಿ ಆಸ್ತಿ ತೋರಿಸಿದ ಶಾಸಕರೊಬ್ಬರು ಈಗ 2 ಕೋಟಿ ತೋರಿಸಿದ್ದಾರೆ, ನಡುವಿನ ಐದು ವರ್ಷಗಳ ಒಟ್ಟು ಆದಾಯ 30 ಲಕ್ಷ. ಏರಿಕೆ 1 ಕೋಟಿ 60 ಲಕ್ಷ. ಇದರಲ್ಲಿ 1 ಕೋಟಿ 40 ಲಕ್ಷ ಅಜ್ಜನ ಕಾಲದ ತೋಟದ ಬೆಲೆ ಏರಿದ್ದರಿಂದ ಬಂದಿದ್ದರೆ ಅನುಮಾನಕ್ಕೆ ಆಸ್ಪದವಿಲ್ಲ. ಹೆದ್ದಾರಿ ಬಂದರೆ ಯಾರ ಜಮೀನಿನ ಬೆಲೆಯೂ ಏರುತ್ತದೆ. ಆದರೆ ತೋಟ ಇದ್ದಂತೆಯೇ ಇದ್ದು, ಹೊಸದಾಗಿ ಎರಡು ನಿವೇಶನ, ಒಂದು ದೊಡ್ಡ ಠೇವಣಿ ಸೇರಿಕೊಂಡಿದ್ದರೆ ಹಣ ಎಲ್ಲಿಂದ ಬಂತೆಂದು ಕೇಳಲೇಬೇಕು. ಇಷ್ಟಕ್ಕೆ ಲೆಕ್ಕಪರಿಶೋಧಕರು ಬೇಕಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ಶೇಕಡಾ ಇಷ್ಟು ಏರಿಕೆ ಎಂದು ತಲೆಬರಹ ಕೊಟ್ಟು ಬಿಡುವುದರಿಂದ ಪ್ರಾಮಾಣಿಕರಿಗೆ ಅನ್ಯಾಯವಾಗುತ್ತದೆ, ಅಪ್ರಾಮಾಣಿಕರಿಗೆ ಗುಂಪಿನಲ್ಲಿ ಮರೆಯಾಗಲು ಅನುಕೂಲವಾಗುತ್ತದೆ.

ಹೀಗೆ ಎರಡು ದಿನಾಂಕಗಳ ನಡುವಿನ ಲೆಕ್ಕ ಹಾಕಿ ಮುಖ್ಯಮಂತ್ರಿಯೊಬ್ಬರನ್ನು ಕಟಕಟೆಗೆ ತಂದ ಪ್ರಕರಣ ಜಯಲಲಿತಾ ಅವರದು. ಅಭ್ಯರ್ಥಿಗಳ ಆಸ್ತಿ ಪ್ರಮಾಣಪತ್ರ ಇಲ್ಲದ ಕಾಲದ ಪ್ರಕರಣವದು. ತಿಂಗಳಿಗೆ ಒಂದು ರೂಪಾಯಿ ಸಂಬಳ ಪಡೆಯುತ್ತಿದ್ದ ಅವರ ಆಸ್ತಿ 1991ರ ಜುಲೈನಲ್ಲಿ ಸುಮಾರು 2 ಕೋಟಿ ರೂಪಾಯಿ ಇದ್ದದ್ದು 1996ರ ಏಪ್ರಿಲ್ ಹೊತ್ತಿಗೆ 66.65 ಕೋಟಿಗೆ ಏರಿತ್ತು ಎಂಬುದು ಪ್ರಾಸಿಕ್ಯೂಷನ್ ವಾದ. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲವೆಂದು 2003ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಸೆರೆವಾಸ, 100 ಕೋಟಿ ರೂಪಾಯಿ ದಂಡ ವಿಧಿಸಿತು.

ಮುಂದಿನ ಕಥೆ ಲೆಕ್ಕದ ಮಹತ್ವವನ್ನು ಇನ್ನಷ್ಟು ತೋರಿಸುತ್ತದೆ. 2015ರ ಮೇ 11ರಂದು ಕರ್ನಾಟಕ ಹೈಕೋರ್ಟು, ಆದಾಯಕ್ಕೆ ಮೀರಿದ ಆಸ್ತಿ ಶೇ. 8.12 ಮಾತ್ರ, ಅದು ಶೇ. 10ರ ಮಿತಿಯೊಳಗಿದೆ ಎಂದು ಎಲ್ಲರನ್ನೂ ಖುಲಾಸೆ ಮಾಡಿತು. ಆದರೆ ತೀರ್ಪಿನಲ್ಲಿ ಪಟ್ಟಿ ಮಾಡಿದ ಸಾಲಗಳನ್ನು ಕೂಡಿದರೆ ಸುಮಾರು 10.67 ಕೋಟಿ ಆಗುತ್ತಿತ್ತು, ಮೊತ್ತವೆಂದು ಬರೆದದ್ದು 24.17 ಕೋಟಿ. 13.50 ಕೋಟಿಯ ಈ ವ್ಯತ್ಯಾಸವನ್ನು ಸರಿಪಡಿಸಿದರೆ ಶೇ. 8 ಎಂಬುದು ಶೇ. 76 ದಾಟುತ್ತದೆ ಎಂದು ಕರ್ನಾಟಕ ಸರ್ಕಾರದ ಪರ ವಕೀಲರು ಎತ್ತಿ ತೋರಿಸಿದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ನಿಧನರಾಗಿದ್ದರಿಂದ ಅವರ ಮೇಲಿನ ಪ್ರಕರಣ ಮುಕ್ತಾಯವಾಗಿತ್ತು, ಶಶಿಕಲಾ ಮತ್ತು ಇನ್ನಿಬ್ಬರು ಪರಪ್ಪನ ಅಗ್ರಹಾರ ಜೈಲು ಸೇರಿದರು. ಹುಟ್ಟುಹಬ್ಬದ ಉಡುಗೊರೆ ಕಾನೂನುಬದ್ಧ ಆದಾಯವಲ್ಲ, ಆದಾಯ ತೆರಿಗೆ ಕಟ್ಟಿದ ಮಾತ್ರಕ್ಕೆ ಹಣದ ಮೂಲ ಸರಿಯೆಂದು ಸಾಬೀತಾಗುವುದಿಲ್ಲ ಎಂಬ ಎರಡು ಮಾತುಗಳನ್ನು ಆ ತೀರ್ಪು ಗಟ್ಟಿಯಾಗಿ ಹೇಳಿತು.

ನಮೂನೆಗೆ ಕಾಣದ್ದು

ಅದೇ ಪ್ರಕರಣ ಇಂದಿನ ನಮೂನೆ 26ರ ಮಿತಿಯನ್ನೂ ಬಯಲು ಮಾಡುತ್ತದೆ. ವಿವಾದಿತ ಆಸ್ತಿಯ ಬಹುಪಾಲು ಜಯಲಲಿತಾ ಅವರ ಹೆಸರಿನಲ್ಲಿ ಇರಲಿಲ್ಲ. ಒಂದೇ ಮನೆಯಲ್ಲಿದ್ದ ಗೆಳತಿ, ಆಕೆಯ ಬಂಧುಗಳು ಮತ್ತು ಅವರು ನಡೆಸುತ್ತಿದ್ದ ಸಂಸ್ಥೆಗಳ ಹೆಸರಿನಲ್ಲಿತ್ತು. ಹಣ ಯಾರದೆಂದು ಹುಡುಕಿ ಸಾಬೀತುಪಡಿಸಲು ತನಿಖೆ, ನೂರಾರು ಸಾಕ್ಷಿಗಳು ಬೇಕಾದವು. ನಮೂನೆ 26 ಕೇಳುವುದು ಪತಿ ಅಥವಾ ಪತ್ನಿ ಮತ್ತು ಅವಲಂಬಿತರನ್ನು ಮಾತ್ರ. ಸ್ವಂತ ದುಡಿಮೆಯಿರುವ ಮಗ, ಭಾವಮೈದುನ, ಗೆಳೆಯ, ಪಾಲುದಾರ ಯಾರೂ ಅದರೊಳಗೆ ಬರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ತೋಟದ ಫಸಲಿನ ಹೆಸರಿನಲ್ಲಿ ಎಷ್ಟು ತೋರಿಸಿದರೂ ಪ್ರಶ್ನಿಸುವುದು ಕಷ್ಟ. ಜಯಲಲಿತಾ ಪ್ರಕರಣದಲ್ಲೂ ಹೈದರಾಬಾದಿನ ದ್ರಾಕ್ಷಿ ತೋಟದ ಆದಾಯ ಎಷ್ಟೆಂಬುದು ದೊಡ್ಡ ಚರ್ಚೆಯಾಗಿತ್ತು.

ಹಾಗೆಂದು ಮನೆಯ ಚಮಚ ತಟ್ಟೆಯವರೆಗೂ ಎಣಿಸಬೇಕೆಂದಲ್ಲ. ಅರುಣಾಚಲ ಪ್ರದೇಶದ ತೇಜು ಕ್ಷೇತ್ರದ ಶಾಸಕರೊಬ್ಬರು ಮೂರು ವಾಹನಗಳನ್ನು ತೋರಿಸಿಲ್ಲವೆಂದು ಗುವಾಹಟಿ ಹೈಕೋರ್ಟು ಅವರ ಆಯ್ಕೆಯನ್ನು ರದ್ದುಪಡಿಸಿತ್ತು. 2024ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಅಭ್ಯರ್ಥಿಗೂ ಖಾಸಗಿತನವಿದೆ, ದೊಡ್ಡ ಮೌಲ್ಯದ್ದು ಅಥವಾ ಜೀವನಶೈಲಿಯನ್ನು ಸೂಚಿಸುವಂಥದ್ದು ಅಲ್ಲದ ಪ್ರತಿಯೊಂದು ವಸ್ತುವನ್ನೂ ಹೇಳಬೇಕಿಲ್ಲ ಎಂಬುದು ನ್ಯಾಯಾಲಯದ ನಿಲುವು. ಸಾದಾ ಕೈಗಡಿಯಾರ ಒಂದು, ಲಕ್ಷಾಂತರ ಬೆಲೆಯ ಗಡಿಯಾರಗಳ ಸಂಗ್ರಹ ಇನ್ನೊಂದು. ಈ ಗೆರೆ ನ್ಯಾಯವಾದದ್ದೇ. ಆದರೆ ಗೆರೆಯ ಆಚೆಗಿನದ್ದನ್ನು ಪರಿಶೀಲಿಸುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ನಾಮಪತ್ರ ಪರಿಶೀಲಿಸುವ ಚುನಾವಣಾಧಿಕಾರಿ ಅಂಕಣ ತುಂಬಿದೆಯೇ ಎಂದು ನೋಡುತ್ತಾರೆ, ತುಂಬಿದ್ದು ನಿಜವೇ ಎಂದು ತನಿಖೆ ಮಾಡುವುದಿಲ್ಲ. ಸುಳ್ಳು ಹೇಳಿದರೆ 125ಎ ಕಲಂ ಪ್ರಕಾರ ಗರಿಷ್ಠ ಶಿಕ್ಷೆ ಆರು ತಿಂಗಳು, ಅಥವಾ ದಂಡ ಕಟ್ಟಿದರೂ ಸಾಕು. ಇದನ್ನು ಕನಿಷ್ಠ ಎರಡು ವರ್ಷಕ್ಕೆ ಏರಿಸಿ, ಶಿಕ್ಷೆಯಾದವರನ್ನು ಅನರ್ಹಗೊಳಿಸಬೇಕೆಂದು ಕಾನೂನು ಆಯೋಗ 2014ರಲ್ಲೇ ಶಿಫಾರಸು ಮಾಡಿತ್ತು. ಲೋಕ ಪ್ರಹರಿ ಪ್ರಕರಣದಲ್ಲಿ ಅರ್ಜಿದಾರರು 26 ಲೋಕಸಭಾ ಸದಸ್ಯರು, 11 ರಾಜ್ಯಸಭಾ ಸದಸ್ಯರು ಮತ್ತು 257 ಶಾಸಕರ ಪಟ್ಟಿ ಕೊಟ್ಟಿದ್ದರು. ಎರಡೆರಡು ಪ್ರಮಾಣಪತ್ರ ಹೋಲಿಸಿಯೇ ಆ ಪಟ್ಟಿ ಸಿದ್ಧವಾಗಿತ್ತು. ಗೆದ್ದವರ ಆಸ್ತಿಯ ಮೇಲೆ ನಿರಂತರ ನಿಗಾ ಇಡುವ ಶಾಶ್ವತ ವ್ಯವಸ್ಥೆ ಬೇಕೆಂದು 2018ರ ತೀರ್ಪು ಹೇಳಿತು. ಒಂದು ವರ್ಷವಾದರೂ ಅದು ಜಾರಿಯಾಗದ್ದರಿಂದ ಅರ್ಜಿದಾರರು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು, 2019ರ ಮಾರ್ಚಿನಲ್ಲಿ ಸರ್ಕಾರದ ಅಧಿಕಾರಿಗೆ ನೋಟಿಸ್ ಹೋಯಿತು.

ಉಳಿದಿರುವ ದಾರಿ ಚುನಾವಣಾ ತಕರಾರು ಅರ್ಜಿ. ಫಲಿತಾಂಶ ಬಂದ 45 ದಿನಗಳೊಳಗೆ ಸೋತ ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಯಾವ ಮತದಾರನೂ ಹೈಕೋರ್ಟಿಗೆ ಹೋಗಬಹುದು. ಆದರೆ ಕಾಲಾವಧಿ ನೋಡಬೇಕು. ಹಾಸನದಿಂದ 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಅವರು ಆಸ್ತಿ ವಿವರ ಮುಚ್ಚಿಟ್ಟಿದ್ದಾರೆಂಬ ಅರ್ಜಿಗಳ ಮೇಲೆ ಕರ್ನಾಟಕ ಹೈಕೋರ್ಟು ಆಯ್ಕೆಯನ್ನು ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. 2024ರಲ್ಲಿ ಆ ಲೋಕಸಭೆಯ ಅವಧಿಯೇ ಮುಗಿಯಿತು. ಪ್ರಶ್ನೆ ಕೇಳಿದವರಿಗೆ ಅಂತಿಮ ಉತ್ತರ ಸಿಗುವ ಮೊದಲೇ ಉತ್ತರ ಕೊಡಬೇಕಾದವರ ಅವಧಿ ಮುಗಿದಿತ್ತು.

ಗಡಿನಾಡಿನ ತೊಡಕು

ಹೀಗಾಗಿ ಪರಿಶೀಲನೆಯ ಹೊರೆ ತಿರುಗಿ ಬಂದು ಬೀಳುವುದು ಮತದಾರನ ಮೇಲೆಯೇ. ಗಡಿನಾಡಿನ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಪ್ರಮಾಣಪತ್ರಗಳು ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತವೆ. ಮಂಜೇಶ್ವರದಲ್ಲಿ ಮಲಯಾಳ, ಹೊಸೂರು ತಾಳವಾಡಿಗಳಲ್ಲಿ ತಮಿಳು, ಜತ್ತ ಅಕ್ಕಲಕೋಟೆಗಳಲ್ಲಿ ಮರಾಠಿ, ಆದವಾನಿಯಲ್ಲಿ ತೆಲುಗು. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಚುನಾವಣಾ ಕಚೇರಿಯ ಫಲಕದ ಮುಂದೆ ನಿಂತರೂ ತಮ್ಮ ಅಭ್ಯರ್ಥಿಯ ಸಾಲವೆಷ್ಟು, ಜಮೀನೆಷ್ಟು ಎಂದು ಓದಲಾರರು. ತಿಳಿಯುವ ಹಕ್ಕಿದೆ, ತಿಳಿಯುವ ಭಾಷೆಯಿಲ್ಲ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ನಮೂನೆ 26ರ ಎರಡನೇ ಭಾಗವೇ ಒಟ್ಟು ವಿವರಗಳ ಸಾರಾಂಶ. ಅದನ್ನು ಭಾಷಾ ಅಲ್ಪಸಂಖ್ಯಾತರಿರುವ ಕ್ಷೇತ್ರಗಳಲ್ಲಿ ಅವರ ಭಾಷೆಯಲ್ಲೂ ಫಲಕಕ್ಕೆ ಹಚ್ಚಬಹುದು. ಕೇರಳದ ಕನ್ನಡಿಗರು ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು 1969ರ ಆಡಳಿತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಅದೇ ನ್ಯಾಯವನ್ನು ಇಲ್ಲಿಗೂ ವಿಸ್ತರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಅಲ್ಲಿಯವರೆಗೂ ಒಂದು ಉಪಾಯವಿದೆ. ದೇಶದೆಲ್ಲೆಡೆ ನಮೂನೆಯ ಅಂಕಣಗಳ ಕ್ರಮ ಒಂದೇ. ಚುನಾವಣಾ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಯಾವುದಾದರೂ ಅಭ್ಯರ್ಥಿ ಕನ್ನಡದಲ್ಲಿ ಸಲ್ಲಿಸಿದ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವ ಅಂಕಣ ಯಾವುದರದೆಂದು ತಿಳಿಯುತ್ತದೆ. ಉಳಿದದ್ದು ಅಂಕಿ. ಊರಿನ ವಾಚನಾಲಯದಲ್ಲೋ ಸಂಘದ ಕೋಣೆಯಲ್ಲೋ ನಾಲ್ಕು ಜನ ಕುಳಿತು ಹಿಂದಿನದನ್ನೂ ಈಗಿನದನ್ನೂ ಹೋಲಿಸಿದರೆ ಒಂದು ಸಂಜೆಯ ಕೆಲಸ. ಮತ ಕೇಳಲು ಮನೆಗೆ ಬಂದ ಅಭ್ಯರ್ಥಿಯನ್ನು ರಸ್ತೆ, ನೀರು, ಶಾಲೆಯ ಬಗ್ಗೆ ಕೇಳುವವರು ಈ ನಿವೇಶನ ಯಾವ ಹಣದಲ್ಲಿ ಕೊಂಡದ್ದೆಂದೂ ವಿನಯದಿಂದಲೇ ಕೇಳಬಹುದು. ಉತ್ತರ ಇರುವವರಿಗೆ ಆ ಪ್ರಶ್ನೆಯಿಂದ ಮುಜುಗರವಾಗಬೇಕಾದ ಕಾರಣವಿಲ್ಲ.