ಬಾನಿಗೂ ಮಾವುತರು ಬೇಕು

ಅರಿಯದುದನ್ನು ಕಂಡು ಮನುಷ್ಯನು ಅಂಜುತ್ತಾನೆ. ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ತಿಳಿಹೇಳಿದರೆ ಆ ಅಂಜಿಕೆಯೇ ಅಕ್ಕರೆಯಾಗುತ್ತದೆ. ಈ ಮಾತಿಗೆ ಸಾಕ್ಷಿ ಬೇಕೆನ್ನುವವರು ಶಿವಮೊಗ್ಗದಿಂದ ತೀರ್ಥಹಳ್ಳಿಯ ಹಾದಿಯಲ್ಲಿ ಸುಮಾರು 14 ಕಿಲೋಮೀಟರು ಸಾಗಿ ಸಕ್ರೆಬೈಲಿಗೆ ಬರಬೇಕು. ಗಾಜನೂರು ಅಣೆಕಟ್ಟೆಯ ತುಂಗಾ ಹಿನ್ನೀರಿನಲ್ಲಿ ಬೆಳಗಿನ ಹೊತ್ತು ಆನೆಗಳು ಮೀಯುತ್ತವೆ. ತಾಯಿಯ ಸೆರಗು ಹಿಡಿದು ನಿಂತ ಮಗುವಿಗೆ ಮಾವುತನು ಆನೆಯ ಹೆಸರನ್ನೂ ಅದರ ಸ್ವಭಾವವನ್ನೂ ಹೇಳುತ್ತಾನೆ. ಕ್ಷಣದಲ್ಲಿ ಮಗುವಿನ ಭಯ ಹೋಗಿ ಕುತೂಹಲ ಮೂಡುತ್ತದೆ.

2019ನೆಯ ಡಿಸೆಂಬರ್ 26ರ ಬೆಳಿಗ್ಗೆ ನಾವು ಅದೇ ಹಾದಿಯ ಊರೊಂದರಲ್ಲಿ ಭಕ್ತರ ಮನೆಯಲ್ಲಿದ್ದೆವು. ಅಂದು ಸೂರ್ಯಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯನು ಬಳೆಯಂತೆ ಕಾಣುವ ಕಂಕಣ ಗ್ರಹಣ, ನಮ್ಮ ಕಡೆ ಪಾರ್ಶ್ವಗ್ರಹಣ. ಮನೆಯ ಬಾಗಿಲುಗಳು ಮುಚ್ಚಿದ್ದವು, ಒಲೆ ಹೊತ್ತಿರಲಿಲ್ಲ, ಬಸುರಿ ಸೊಸೆಯನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸಿದ್ದರು. ಹನ್ನೆರಡು ವರ್ಷದ ಮೊಮ್ಮಗನು ಮಾತ್ರ ಹಿತ್ತಿಲಿನಿಂದ ಓಡಿಬಂದು, “ಗುರುಗಳೇ, ಹುಣಸೆಮರದ ಕೆಳಗೆ ನೋಡಬನ್ನಿ!” ಎಂದು ಕೂಗಿದನು. ಹೋಗಿ ನೋಡಿದರೆ ನೆಲದ ತುಂಬ ಸಾವಿರಾರು ಪುಟ್ಟ ಪುಟ್ಟ ಚಂದ್ರಕಲೆಗಳು!

ಅಲ್ಲಿ ನಿಂತಿದ್ದ ತರುಣನೊಬ್ಬನು ನೆರೆಯೂರಿನ ಹವ್ಯಾಸಿ ಖಗೋಳವೀಕ್ಷಕ. ಎಲೆಗಳ ನಡುವಿನ ಒಂದೊಂದು ಕಿಂಡಿಯೂ ಸೂರ್ಯನ ಬಿಂಬವನ್ನು ನೆಲಕ್ಕಿಳಿಸುತ್ತದೆ, ಸೂರ್ಯನು ತುಂಡಾಗಿ ಕಾಣುವಾಗ ಬಿಂಬವೂ ತುಂಡಾಗಿಯೇ ಬೀಳುತ್ತದೆ ಎಂದು ಅವನು ವಿವರಿಸಿದನು. ಕೇಳುತ್ತ ಕೇಳುತ್ತ ಮನೆಯ ಅಜ್ಜಿಯೂ ಹೊಸ್ತಿಲು ದಾಟಿ ಬಂದು ಆ ಬೆಳಕಿಗೆ ಅಂಗೈಯೊಡ್ಡಿದರು. ನಮಗಂತೂ ನಾಚಿಕೆಯಾಯಿತು. ಮಠದ ಪಾಠಶಾಲೆಯಲ್ಲಿ ಗ್ರಹಣದ ಗಣಿತವನ್ನು ಕಲಿತವರು ನಾವು. ಅರುವತ್ತರ ಅಂಚಿನವರೆಗೆ ಒಂದು ಗ್ರಹಣವನ್ನೂ ಕಂಡವರಲ್ಲ.

ಆ ತರುಣನ ಬಳಿ ಇದ್ದ ಸಲಕರಣೆಯಾದರೂ ಏನು? ತೂತು ಕೊರೆದ ಒಂದು ರಟ್ಟು, ಮತ್ತೊಂದು ಮೊಬೈಲು. ಆ ಮೊಬೈಲಿನಲ್ಲಿ ಫ್ರಾನ್ಸಿನ ಫೇಬಿಯನ್ ಶೆರೋ ಎಂಬುವರು ಆರಂಭಿಸಿದ ‘ಸ್ಟೆಲ್ಲೇರಿಯಂ’ ಎಂಬ ಆಕಾಶದ ನಕಾಶೆಯಿತ್ತು. ಊರು, ದಿನ, ಗಳಿಗೆಗಳನ್ನು ಕೊಟ್ಟರೆ ಆ ಹೊತ್ತಿನ ಬಾನನ್ನೇ ಅದು ಬಿಡಿಸಿ ತೋರಿಸುತ್ತದೆ. 2006ರಲ್ಲಿ ಆರಂಭವಾದ ‘ಗ್ಲೋಬ್ ಅಟ್ ನೈಟ್’ ಎಂಬ ಕಾರ್ಯವು ಜನಸಾಮಾನ್ಯರಿಂದಲೇ ಶಾಸ್ತ್ರದ ಕೆಲಸ ಮಾಡಿಸುವಂಥದು. ಮಹಾವ್ಯಾಧದಂತಹ ನಕ್ಷತ್ರಪುಂಜವನ್ನು ನೋಡಿ, ಕಂಡಷ್ಟು ಚುಕ್ಕೆಗಳನ್ನು ಚಿತ್ರಗಳೊಡನೆ ಹೋಲಿಸಿ ಅಂತರಜಾಲದಲ್ಲಿ ತಿಳಿಸಿದರೆ, ದೀಪಗಳ ಬೆಳಕು ಎಲ್ಲೆಲ್ಲಿ ಇರುಳನ್ನು ನುಂಗಿದೆಯೆಂಬ ಲೆಕ್ಕ ಸಿಗುತ್ತದೆ. ಅಮೆರಿಕದಲ್ಲಿ ನಾಸಾ ಸಂಸ್ಥೆಯು 2004ರಲ್ಲಿ ‘ನೈಟ್ ಸ್ಕೈ ನೆಟ್‌ವರ್ಕ್’ ಎಂಬ ಬಳಗವನ್ನು ಕಟ್ಟಿ, ಶಾಲೆ, ವಸ್ತುಸಂಗ್ರಹಾಲಯಗಳಲ್ಲಿ ಜನರಿಗೆ ಬಾನು ತೋರಿಸುವ ಹವ್ಯಾಸಿ ಸಂಘಗಳಿಗೆ ಬೋಧನಸಾಮಗ್ರಿಯನ್ನು ಒದಗಿಸಿತು.

ನಮ್ಮ ನಾಡೂ ಹಿಂದುಳಿದಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವು 1989ರಲ್ಲಿ, ಮಂಗಳೂರು ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯವು 2018ರಲ್ಲಿ ಆರಂಭವಾದವು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳವೀಕ್ಷಕರ ಸಂಘವೇ ಇದೆ. ಇನ್ನೂ ಹಿಂದಕ್ಕೆ ಹೋದರೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ನೆನಪಾಗುತ್ತಾರೆ. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬವನ್ನು ಹಾದುಹೋಗುವ ಮುನ್ನ, ಅದನ್ನು ತಿಳಿಸುವ ಕಿರುಹೊತ್ತಗೆಯನ್ನು ಅವರು ಕನ್ನಡವೂ ಸೇರಿದಂತೆ ಹಲವು ನುಡಿಗಳಲ್ಲಿ ಹೊರತಂದರು. ಇಂದಿನ ಮೊಬೈಲು ಮಾಡುವ ಕೆಲಸವನ್ನು ಅಂದು ಆ ಹೊತ್ತಗೆ ಮಾಡಿತು.

ಆದರೂ ಒಂದು ಮಾತನ್ನು ಮರೆಯಲಾಗದು. ಆ ಮನೆಯ ಮೊಬೈಲಿನಲ್ಲಿಯೂ ಗ್ರಹಣದ ವೇಳೆ ತಿಳಿಯುತ್ತಿತ್ತು. ಬಾಗಿಲು ತೆರೆದದ್ದು ಮಾತ್ರ ಪಕ್ಕದಲ್ಲಿ ನಿಂತು ತಿಳಿಹೇಳಿದ ಮನುಷ್ಯನಿಂದ. ಉಪಕರಣವು ದಾರಿ ತೋರಿಸೀತು, ಕೈಹಿಡಿದು ನಡೆಸಲಾರದು. ಸಂಬಳವಿಲ್ಲದೆ ನಿದ್ದೆಗೆಟ್ಟು ಪರರ ಮಕ್ಕಳಿಗೆ ಬಾನು ತೋರಿಸುವ ಈ ತರುಣರ ಸೇವೆಯನ್ನು ಜ್ಞಾನದಾಸೋಹವೆನ್ನದೆ ಬೇರೇನೆನ್ನೋಣ?

2027ರ ಆಗಸ್ಟ್ 2ರ ಸೂರ್ಯಗ್ರಹಣವು ಈಜಿಪ್ಟಿನಲ್ಲಿ ಪೂರ್ಣ, ನಮ್ಮಲ್ಲಿ ಇಳಿಹೊತ್ತಿನ ಪಾರ್ಶ್ವಗ್ರಹಣ. ಮಲೆನಾಡಿನ ಮಳೆಮೋಡ ಅದನ್ನು ಮರೆಮಾಡಲೂಬಹುದು. ಕಂಡರೆ, ಬರಿಗಣ್ಣಿನಿಂದಲಾಗಲಿ ಮಸಿಹಿಡಿದ ಗಾಜು, ಎಕ್ಸ್‌ರೇ ಹಾಳೆಗಳಿಂದಲಾಗಲಿ ಸೂರ್ಯನನ್ನು ನೋಡಬಾರದು. ರಟ್ಟಿನ ತೂತಿನಿಂದ ಬಿಳಿಯ ಹಾಳೆಯ ಮೇಲೆ ಬೀಳುವ ಬಿಂಬವೇ ನಿರಪಾಯಕರ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಮೋಡವಿಲ್ಲದ ಒಂದಿರುಳು ಅಂಗಳದ ದೀಪವಾರಿಸಿ, ಮಕ್ಕಳೊಡನೆ ಉತ್ತರಕ್ಕೆ ಮುಖಮಾಡಿ ನಿಲ್ಲಿರಿ. ನೀಡಿದ ಕೈಯ ಒಂದು ಮುಷ್ಟಿಯೆಂದರೆ ಸುಮಾರು 10 ಡಿಗ್ರಿ. ಶಿವಮೊಗ್ಗ ಸೀಮೆಯಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಸುಮಾರು 14 ಡಿಗ್ರಿ, ಎಂದರೆ ಒಂದೂವರೆ ಮುಷ್ಟಿಯಷ್ಟೇ ಮೇಲಿರುತ್ತದೆ. ನಮ್ಮ ಊರಿನ ಅಕ್ಷಾಂಶವೂ ಅಷ್ಟೇ! ಅದನ್ನು ಮಕ್ಕಳಿಗೆ ತೋರಿಸಿದ ದಿನ, ನೀವೂ ಬಾನಿಗೆ ಮಾವುತರಾದಿರೆಂದೇ ನಾವು ತಿಳಿಯುತ್ತೇವೆ.