ಹಿಂದಿನ ಕೋಣೆಗೆ ಇಂಟರ್‌ನೆಟ್ ಹೋದ ದಾರಿ

ಜಗಲಿಯಲ್ಲಿ ನಿಂತು "ಊಟಕ್ಕೆ ಬನ್ನಿ" ಎಂದು ಕೂಗಿದರೆ ಪಕ್ಕದ ಕೋಣೆಯವರಿಗೆ ಚೆನ್ನಾಗಿ ಕೇಳಿಸುತ್ತದೆ. ಅದರಾಚೆಯ ಕೋಣೆಗೆ "ಊಟ" ಎಂಬಷ್ಟು ಮುಟ್ಟೀತು. ಕೊನೆಯ ಕೋಣೆಯಲ್ಲಿ ಬಾಗಿಲು ಮುಚ್ಚಿ ಕುಳಿತವರಿಗೆ ಯಾರೋ ಏನೋ ಅಂದ ಹಾಗಾಯಿತು, ಅಷ್ಟೆ. ಮನೆಯ ವೈಫೈ ಕಥೆಯೂ ಇದೇ. ರೌಟರ್ ಎಂಬ ಪುಟ್ಟ ಪೆಟ್ಟಿಗೆ ಒಂದು ಕಡೆ ಕುಳಿತು ಕೂಗುತ್ತದೆ. ಮೂಲೆಯ ಕೋಣೆಯ ಕಂಪ್ಯೂಟರ್ ಅದನ್ನು ಕೇಳಬೇಕು. ಕೇಳಿದರೆ ಸಾಲದು, ತಿರುಗಿ ಉತ್ತರವನ್ನೂ ಕೂಗಬೇಕು.

ಮಕ್ಕಳೇ, ಈ ವಾರ ಅಂಥದೊಂದು ಕೊನೆಯ ಕೋಣೆಯ ವಿಷಯ ಹೇಳುತ್ತೇನೆ. ಅಜ್ಜ ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇದು ಅವರ ವಿಷಯವೂ ಹೌದು.

ಪುತ್ತೂರಿನ ಕಡೆಯ ನಮ್ಮೂರಿನಲ್ಲಿ ನೆರೆಮನೆಯದು ಹಳೆಯ ಕಾಲದ ಮನೆ. ದಪ್ಪ ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮರದ ಮುಚ್ಚಿಗೆ. ಫೈಬರ್ ಕೇಬಲ್ ಬಂದು ಸೇರುವುದು ಜಗಲಿಗೆ. ರೌಟರ್ ಇರುವುದೂ ಅಲ್ಲೇ. ಆ ಮನೆಯ ಅಜ್ಜನ ಕೋಣೆ ಹಿಂದುಗಡೆ ಇದೆ, ನಡುವೆ ಮೂರು ಗೋಡೆ. ಅವರಿಗೆ ಮೊಣಕಾಲು ನೋವು, ಜಗಲಿಯವರೆಗೆ ನಡೆದು ಬರುವುದು ಕಷ್ಟ. ಅದಕ್ಕೆಂದೇ ಮನೆಯ ಕಂಪ್ಯೂಟರನ್ನು ಅವರ ಕೋಣೆಯಲ್ಲಿಟ್ಟಿದ್ದಾರೆ. ಪ್ರತಿ ಭಾನುವಾರ ಮುಂಬಯಿಯಲ್ಲಿರುವ ಅಕ್ಕನ ಜೊತೆ ವಿಡಿಯೊ ಕರೆಯಲ್ಲಿ ಮಾತು. ಅಕ್ಕನಿಗೆ ಎಂಬತ್ತೈದು, ತಮ್ಮನಿಗೆ ಎಂಬತ್ತು.

ಕೆಲವು ತಿಂಗಳಿಂದ ಆ ಮಾತು ಹಳಿ ತಪ್ಪತೊಡಗಿತ್ತು. ಅಕ್ಕ "ಊಟ ಆಯ್ತಾ?" ಅಂದರೆ ತಮ್ಮ "ಹೌದು, ಜೋರು ಮಳೆ" ಅನ್ನುತ್ತಿದ್ದರು. ಕೆಲವೊಮ್ಮೆ ಸುಮ್ಮನೆ ತಲೆಯಾಡಿಸಿ ಕುಳಿತುಬಿಡುತ್ತಿದ್ದರು. ಅಜ್ಜನಿಗೆ ಮರೆವು ಶುರುವಾಯಿತೇನೋ ಎಂದು ಮನೆಯವರು ಒಳಗೊಳಗೇ ಹೆದರಿದ್ದರು. ಮಂಗಳೂರಿನ ವೈದ್ಯರ ಹತ್ತಿರ ಹೋಗುವ ಮಾತೂ ಆಗಿತ್ತು.

ನಿಜ ಸಂಗತಿ ಹಿಡಿದವಳು ಆರನೇ ತರಗತಿಯ ಮೊಮ್ಮಗಳು. ಅಜ್ಜನಿಗೆ ಕಿವಿ ಮಂದ. ಎದುರಿನವರ ತುಟಿ ನೋಡಿಕೊಂಡು ಮಾತು ಅರ್ಥ ಮಾಡಿಕೊಳ್ಳುತ್ತಾರೆ. ಕಂಪ್ಯೂಟರಿನ ದೊಡ್ಡ ಪರದೆ ಬೇಕಾದದ್ದೂ ಅದಕ್ಕೇ. ಒಂದು ಭಾನುವಾರ ಅವಳು ಪಕ್ಕದಲ್ಲೇ ಕುಳಿತು ನೋಡಿದಳು. ಅಜ್ಜ ತಪ್ಪು ಉತ್ತರ ಕೊಟ್ಟಾಗಲೆಲ್ಲ ದೊಡ್ಡಜ್ಜಿಯ ಚಿತ್ರ ಕಲ್ಲಿನಂತೆ ನಿಂತಿತ್ತು. ದನಿ ಮಾತ್ರ ಬರುತ್ತಲೇ ಇತ್ತು!

ಇದರ ಹಿಂದೆ ಒಂದು ಕಾರಣವಿದೆ. ಸಂಪರ್ಕ ಸೊರಗಿದಾಗ ವಿಡಿಯೊ ಕರೆಯ ತಂತ್ರಾಂಶಗಳು ಸಾಮಾನ್ಯವಾಗಿ ದನಿಯನ್ನು ಉಳಿಸಿಕೊಂಡು ಚಿತ್ರವನ್ನು ಬಿಟ್ಟುಕೊಡುತ್ತವೆ. ದನಿಗೆ ಬೇಕಾದ ಮಾಹಿತಿ ಚಿತ್ರಕ್ಕೆ ಬೇಕಾದದ್ದಕ್ಕಿಂತ ಬಹಳ ಕಡಿಮೆ. ಕಿವಿ ಸರಿಯಿರುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. "ಕೇಳಿಸ್ತದೆ, ಮಾತಾಡಿ" ಅಂದುಬಿಡುತ್ತಾರೆ. ಅಜ್ಜನಿಗೋ, ಚಿತ್ರವೇ ದನಿ. ಅದು ನಿಂತರೆ ಮಾತೇ ನಿಂತಿತು. ಮತ್ತೆ ಮತ್ತೆ "ಏನು?" ಎಂದು ಕೇಳಲು ಸಂಕೋಚವಾಗಿ ಏನೋ ಒಂದು ಊಹಿಸಿ ಉತ್ತರ ಕೊಡುತ್ತಿದ್ದರು.

ಹಾಗಾದರೆ ಚಿತ್ರ ನಿಲ್ಲುವುದೇಕೆ? ನಾನು ಮೊಮ್ಮಗಳ ಕೈಗೆ ಪೆನ್ಸಿಲ್ಲು, ಚೌಕುಳಿ ಕಾಗದ ಕೊಟ್ಟು ಮನೆಯ ನಕ್ಷೆ ಬರೆಯಲು ಹೇಳಿದೆ. ವೈಫೈ ಬಲವನ್ನು ಅಂಕಿಯಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಮೊಬೈಲಿಗೆ ಸಿಗುತ್ತವೆ. ಅಂಥದೊಂದನ್ನು ಹಿಡಿದು ಕೋಣೆ ಕೋಣೆ ಸುತ್ತಿದೆವು. ಜಗಲಿಯಲ್ಲಿ ಮೈನಸ್ 42, ಚಾವಡಿಯಲ್ಲಿ ಮೈನಸ್ 56, ನಡುಕೋಣೆಯಲ್ಲಿ ಮೈನಸ್ 70, ಅಜ್ಜನ ಮೇಜಿನ ಬಳಿ ಮೈನಸ್ 82.

ಈ ಅಂಕಿಯ ಹೆಸರು ಡಿಬಿಎಂ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಪ್ರತಿ 10 ಇಳಿದರೆ ಬಲ ಹತ್ತನೇ ಒಂದು ಪಾಲಾಯಿತು ಎಂದರ್ಥ. 42ರಿಂದ 82ಕ್ಕೆ ಬರಲು 40 ಇಳಿಯಬೇಕು, ಅಂದರೆ ನಾಲ್ಕು ಸಲ ಹತ್ತನೇ ಒಂದು ಪಾಲು. ಲೆಕ್ಕ ಹಾಕಿ ನೋಡಿ: ಜಗಲಿಯಲ್ಲಿ ಸಿಕ್ಕಿದ್ದರ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಅಜ್ಜನ ಕೋಣೆ ಸೇರುತ್ತಿತ್ತು!

ವೈಫೈ ಎಂದರೆ ರೇಡಿಯೊ ಅಲೆ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಬಾರಿ ಏರಿಳಿಯುವ ಅಲೆ. ಅದು ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. 30ನ್ನು 240ರಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸಿಗುತ್ತದೆ: ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಗೇಣಿಗಿಂತ ತುಸು ಹೆಚ್ಚು. ಇನ್ನೊಂದು ಬಗೆಯ ವೈಫೈ 5 ಗಿಗಾಹರ್ಟ್ಸಿನದು. ಅದರ ಅಲೆ ಸುಮಾರು 6 ಸೆಂಟಿಮೀಟರ್. ಅದು ಹತ್ತಿರದಲ್ಲಿ ವೇಗಿ, ಆದರೆ ಗೋಡೆಗಳನ್ನು ದಾಟುವುದರಲ್ಲಿ 2.4ರದ್ದೇ ಮೇಲು. ನಿಮ್ಮ ರೌಟರಿನಲ್ಲಿ ಎರಡು ಹೆಸರು ಕಾಣಿಸಿದರೆ ದೂರದ ಕೋಣೆಗೆ 2.4 ಆರಿಸಿ ನೋಡಬಹುದು.

ಈ ಅಲೆಗಳಿಗೆ ಕೆಲವು ವೈರಿಗಳಿವೆ. ಕಬ್ಬಿಣದ ಕಪಾಟು ಮತ್ತು ಕನ್ನಡಿ ಅವನ್ನು ತಿರುಗಿಸಿ ಕಳಿಸುತ್ತವೆ. ನೀರು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಹೀರಿದ ಗೋಡೆ ಒಣಗೋಡೆಗಿಂತ ಹೆಚ್ಚು ತಡೆಯುತ್ತದೆ. ನಮ್ಮ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಮೂರು ಮುರಕಲ್ಲಿನ ಗೋಡೆಗಳ ಜೊತೆಗೆ ನಡುಕೋಣೆಯ ಕಬ್ಬಿಣದ ಕಪಾಟೂ ಅಡ್ಡ ಬಂದಿತ್ತು.

ಮೊದಲು ಖರ್ಚಿಲ್ಲದ ಕೆಲಸ. ಟಿವಿಯ ಹಿಂದೆ ಅವಿತಿದ್ದ ರೌಟರನ್ನು ಎತ್ತರದ ಹಲಗೆಯ ಮೇಲಿಟ್ಟೆವು. ಕಪಾಟನ್ನು ಪಕ್ಕದ ಗೋಡೆಗೆ ಸರಿಸಿದೆವು. ಮೈನಸ್ 82 ಇದ್ದದ್ದು 76 ಆಯಿತು. ಲಾಭವೇನೋ ಸಿಕ್ಕಿತು, ಆದರೆ ಚಿತ್ರ ಆಗಾಗ ನಿಲ್ಲುವುದು ತಪ್ಪಲಿಲ್ಲ.

"ಉದ್ದುದ್ದ ಆಂಟೆನಾ ಇರುವ ದೊಡ್ಡ ರೌಟರ್ ತಂದರೆ?" ಎಂದಳು ಮೊಮ್ಮಗಳು. ದೊಡ್ಡ ಗಂಟಲಿನವನು ಗುಡ್ಡದಾಚೆಯಿಂದ ಕೂಗಿದರೆ ನಿನಗೆ ಕೇಳಿಸೀತು, ಆದರೆ ನಿನ್ನ ಮೆಲುದನಿ ಅವನಿಗೆ ಕೇಳಬೇಡವೇ ಎಂದು ಕೇಳಿದೆ. ಕಂಪ್ಯೂಟರಿನ ಪುಟ್ಟ ಆಂಟೆನಾ ಹಿಂದಕ್ಕೆ ಕೂಗುವ ಬಲ ಹೊಸ ರೌಟರ್ ತಂದರೂ ಹೆಚ್ಚುವುದಿಲ್ಲ.

ಮುಂದೆ ರಿಪೀಟರ್. ನಡುವೆ ನಿಂತು ಕೇಳಿದ್ದನ್ನು ಮತ್ತೆ ಕೂಗಿ ಹೇಳುವ ಸಾಧನ ಅದು. ನೆಂಟರ ಮನೆಯಲ್ಲಿ ಒಂದು ಸುಮ್ಮನೆ ಬಿದ್ದಿತ್ತು, ತಂದೆವು. ಅಜ್ಜನ ಕೋಣೆಯಲ್ಲೇ ಇಟ್ಟಾಗ ಕಂಪ್ಯೂಟರಿನಲ್ಲಿ ಕಡ್ಡಿಗಳೆಲ್ಲ ತುಂಬಿ ಕಂಡವು, ಆದರೆ ಕೆಲಸ ಮಾತ್ರ ಹಾಗೇ ಕುಂಟುತ್ತಿತ್ತು. ತನಗೇ ಸರಿಯಾಗಿ ಕೇಳಿಸದ್ದನ್ನು ಅದು ಜೋರಾಗಿ ಹೇಳಿ ಏನು ಫಲ? ರಿಪೀಟರಿನ ಜಾಗ ಸೊರಗಿದ ಕೋಣೆಯಲ್ಲ, ಇನ್ನೂ ಬಲವಿರುವ ನಡುದಾರಿ. ನಡುಕೋಣೆಗೆ ತಂದಾಗ ಪರವಾಗಿಲ್ಲ ಎನಿಸಿತು. ಆದರೆ ಸಾಮಾನ್ಯ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಂಜೆ ಮನೆಯವರೆಲ್ಲ ಮೊಬೈಲು ಹಿಡಿದಾಗ ಅಜ್ಜನ ಚಿತ್ರ ಮತ್ತೆ ತಡವರಿಸಿತು.

ಈಗ ಸ್ವಲ್ಪ ದೂರದ ಊರಿನ ಕಥೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳಲ್ಲಿದ್ದವರು ಮುಖ್ಯ ಕಂಪ್ಯೂಟರ್ ಬಳಸುವಂತಾಗಲು ರೇಡಿಯೊ ಜಾಲವೊಂದನ್ನು ಕಟ್ಟಿದರು. ಹೆಸರು ಅಲೋಹಾನೆಟ್. ಇಬ್ಬರು ಒಟ್ಟಿಗೆ ಮಾತಾಡಿದರೆ ಸಂದೇಶಗಳು ಡಿಕ್ಕಿ ಹೊಡೆಯುತ್ತವೆ. ಆಗ ಇಬ್ಬರೂ ಸ್ವಲ್ಪ ಕಾದು ಮತ್ತೆ ಹೇಳಬೇಕು ಎಂಬುದು ಅದರ ನಿಯಮ. ಈ ಉಪಾಯದಿಂದ ಪ್ರೇರಣೆ ಪಡೆದ ರಾಬರ್ಟ್ ಮೆಟ್ಕಾಫ್, ಡೇವಿಡ್ ಬಾಗ್ಸ್ ಜೊತೆ ಸೇರಿ 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ರೂಪಿಸಿದರು. ಹೀಗೆ ಗಾಳಿಯಲ್ಲಿ ಹುಟ್ಟಿದ ಉಪಾಯ ತಂತಿಗಿಳಿಯಿತು. ಐವತ್ತು ವರ್ಷ ಕಳೆದರೂ ಒಂದೇ ಕಡೆ ಕುಳಿತಿರುವ ಕಂಪ್ಯೂಟರಿಗೆ ಅದಕ್ಕಿಂತ ನೆಚ್ಚಿನ ದಾರಿ ಇನ್ನೊಂದಿಲ್ಲ.

ಕಂಪ್ಯೂಟರೇನು ಮೊಬೈಲಿನ ಹಾಗೆ ಮನೆಯೆಲ್ಲ ಓಡಾಡುತ್ತದೆಯೇ? ಅದಕ್ಕೆ ಗಾಳಿಯ ದಾರಿಯೇ ಆಗಬೇಕೆಂದೇನೂ ಇಲ್ಲ. ಈಥರ್‌ನೆಟ್ ತಾಮ್ರದ ಕೇಬಲ್ ಒಂದೇ ತುಂಡಿನಲ್ಲಿ 100 ಮೀಟರಿನವರೆಗೆ ಎಳೆಯಬಹುದು. ಗೋಡೆ ಎಷ್ಟು ದಪ್ಪವಿದ್ದರೂ ಅದಕ್ಕೆ ಲೆಕ್ಕವಿಲ್ಲ. ಮೊಮ್ಮಗಳು ಹುರಿ ಹಿಡಿದು ಗೋಡೆಯ ಮೇಲಂಚಿನ ಗುಂಟ ಅಳೆದಳು: 22 ಮೀಟರ್. ಎರಡೂ ತುದಿಗೆ ಪ್ಲಗ್ ಕೂಡಿಸಿದ 25 ಮೀಟರಿನ ಕ್ಯಾಟ್ 6 ಕೇಬಲ್ ತಂದೆವು. ಬಾಗಿಲುಗಳ ಮೇಲಿನ ಗಾಳಿಕಿಂಡಿಗಳಲ್ಲೇ ದಾಟಿಸಿದ್ದರಿಂದ ಗೋಡೆ ಕೊರೆಯಬೇಕಾಗಲಿಲ್ಲ. ಇಲಿ ಕಡಿಯದಂತೆ ಪ್ಲಾಸ್ಟಿಕ್ ಕೊಳವೆ. ಕರೆಂಟಿನ ವಯರ್ ಇರುವ ಕೊಳವೆಯಲ್ಲಿ ಮಾತ್ರ ಇದನ್ನು ತೂರಿಸಬಾರದು.

ಒಂದು ತುದಿ ರೌಟರಿನ ಲ್ಯಾನ್ ಎಂದು ಬರೆದ ಕಿಂಡಿಗೆ, ಇನ್ನೊಂದು ಕಂಪ್ಯೂಟರಿನ ಹಿಂಬದಿಗೆ. ಟಕ್ ಎಂದು ಕೂತಿತು, ಪಕ್ಕದ ಪುಟ್ಟ ದೀಪ ಮಿನುಗಿತು. ಪಾಸ್‌ವರ್ಡ್ ಕೂಡ ಕೇಳದೆ ಸಂಪರ್ಕ ಸಿಕ್ಕಿತು. ಆ ಭಾನುವಾರ ಅಕ್ಕ ತಮ್ಮ ಮುಕ್ಕಾಲು ಗಂಟೆ ಮಾತಾಡಿದರು. ತಮ್ಮನ ಉತ್ತರಗಳೆಲ್ಲ ಪ್ರಶ್ನೆಗೆ ಸರಿಯಾಗಿಯೇ ಇದ್ದವು. ಕಿವಿಯ ಪರೀಕ್ಷೆಗೆ ಹೋಗುವುದೆಂದು ಮನೆಯವರು ನಿಶ್ಚಯಿಸಿದ್ದಾರೆ. ಮರೆವಿನ ಮಾತನ್ನು ಯಾರೂ ಎತ್ತುತ್ತಿಲ್ಲ.

ನಮ್ಮ ಕರಾವಳಿಯವರಿಗೆ, ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಸಿಡಿಲಿನ ದಿನ ಮೋಡ ಕವಿಯುವಾಗಲೇ ರೌಟರಿನ ಮತ್ತು ಕಂಪ್ಯೂಟರಿನ ಪ್ಲಗ್ ಜೊತೆಗೆ ಈ ಕೇಬಲನ್ನೂ ತೆಗೆದಿಡಿ. ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ. ಅಂಗಳ ದಾಟಿ ಇನ್ನೊಂದು ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ. ಅಲ್ಲಿಗೆ ಕರೆಂಟು ಹರಿಸದ ಫೈಬರ್ ಒಳ್ಳೆಯದು.

ಈ ವಾರದ ಕೆಲಸ: ಮಕ್ಕಳು ಮನೆಯ ನಕ್ಷೆ ಬರೆಯಿರಿ, ಅಜ್ಜ ಅಜ್ಜಿಯರು ಮೊಬೈಲ್ ಹಿಡಿದು ಅಂಕಿ ಓದಿ ಹೇಳಲಿ. ಬಾಗಿಲು ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ಬಲ ಎಲ್ಲಿ ಸೋರುತ್ತಿದೆ ಎಂದು ಕಾಗದದ ಮೇಲೆ ಕಂಡ ಮೇಲೆಯೇ ಅಂಗಡಿಗೆ ಹೊರಡಿ. ಮನೆಯ ಹಿರಿಯರು ವಿಡಿಯೊ ಕರೆಯಲ್ಲಿ ಏನೋ ಕೇಳಿದರೆ ಇನ್ನೇನೋ ಹೇಳಿದರು ಅನ್ನಿ. ಅವರ ಮುಖ ನೋಡುವ ಮೊದಲು ಪರದೆಯ ಮೇಲಿನ ಮುಖ ಅಲುಗಾಡುತ್ತಿದೆಯೇ ಎಂದು ಒಮ್ಮೆ ನೋಡಿ.