ಮಗಳ ಕೈಯಿಂದ ಚೆಂಡು ಕಸಿದವರು

ಎಂಟನೆಯ ಇಯತ್ತೆ ದಾಟುವುದರೊಳಗೆ ಹುಡುಗಿಯ ಕೈಯಿಂದ ಚೆಂಡು ಕಸಿದುಕೊಳ್ಳುವುದು ನಮ್ಮಲ್ಲಿ ತಪ್ಪೆನಿಸಿಲ್ಲ. ಅದಕ್ಕೆ ಮರ್ಯಾದೆಯ ಹೆಸರು ಕೊಟ್ಟು ನೆಮ್ಮದಿಯಾಗಿದ್ದೇವೆ. ಗೆರೆಯಂಚಿನಿಂದ ಎಸೆದ ಚೆಂಡನ್ನು ನೇರ ಸ್ಟಂಪಿಗೆ ತಾಗಿಸುವ ಹುಡುಗಿಯರು ಅಣ್ಣಿಗೇರಿಯಲ್ಲೂ ಇದ್ದಾರೆ, ಕಲಘಟಗಿಯಲ್ಲೂ ಇದ್ದಾರೆ. ಅಂಥವಳೊಬ್ಬಳನ್ನು ಕ್ರಿಕೆಟ್ ಕಲಿಯಲು ಹುಬ್ಬಳ್ಳಿಗೆ ಕಳಿಸಿರೆಂದು ಮಾಸ್ತರರು ಮನೆತನಕ ಬಂದರೆ, 'ಬಿಸಲಾಗ ಆಡಿ ಕರ್ರಗಾದ್ರ ನಾಳೆ ಯಾರ ಮಾಡ್ಕೋತಾರ್ರಿ ಸರ?' ಎಂದು ಚಹಾ ಕುಡಿಸಿ ಕಳಿಸುತ್ತೇವೆ. ಅದೇ ಹುಡುಗಿ ಅದೇ ಬಿಸಿಲಲ್ಲಿ ಕುಂದಗೋಳದ ಹೊಲದಲ್ಲಿ ದಿನವಿಡೀ ಮೆಣಸಿನಕಾಯಿ ಬಿಡಿಸಿದರೆ ಅವಳ ಮೈಬಣ್ಣದ ಚಿಂತೆ ಯಾರಿಗೂ ಇಲ್ಲ.

ಹಿಂದಿನವರಿಗೆ ನೆಪವಾದರೂ ಇತ್ತು. 1973ರಲ್ಲಿ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿದಾಗ ದುಡ್ಡಿರಲಿಲ್ಲ. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಕಿಟ್ ಹೊತ್ತು ತಿರುಗಿದ ಪೀಳಿಗೆಯೇ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ಆಡಿತು. ಇಂದು 15 ವರ್ಷದೊಳಗಿನವರಿಂದ ಹಿರಿಯರ ತನಕ ರಾಜ್ಯ ತಂಡಗಳಿವೆ. 2022ರಲ್ಲಿ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಗಂಡಸರಷ್ಟೇ ಸಂಭಾವನೆ ಘೋಷಣೆಯಾಯಿತು, 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಬಂತು. ಈಗ ಅಡ್ಡ ನಿಂತಿರುವುದು ಬಡತನವೊಂದೇ ಅಲ್ಲ, ನಾವು.

ಗದಗಿನಿಂದ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ ಶಾಲೆಗೆ ಮರಳುತ್ತಿದ್ದ, ಮುಂದೆ ಭಾರತಕ್ಕೆ ಆಡಿದ ಸ್ಪಿನ್ನರ್ ಸುನೀಲ ಜೋಶಿಯವರ ಕಥೆಯನ್ನು ಗಂಡುಮಕ್ಕಳಿಗೆ ಎದೆಯುಬ್ಬಿಸಿ ಹೇಳುತ್ತೇವೆ. ಮಗಳನ್ನು ನಸುಕಿನ ಬಸ್ಸಿಗೆ ಹತ್ತಿಸುವ ಅಪ್ಪಂದಿರು ನಮ್ಮಲ್ಲಿ ಎಷ್ಟು ಮಂದಿ? ಭಾರತ ತಂಡದ ಸ್ಪಿನ್ನರ್, ವಿಜಯಪುರದ ರಾಜೇಶ್ವರಿ ಗಾಯಕವಾಡ 2014ರಲ್ಲಿ ತಂದೆಯನ್ನು ಕಳೆದುಕೊಂಡು, ಮನೆಯ ಭಾರ ಹೊತ್ತೇ ಆಡಿದರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು 15 ರನ್ನಿಗೆ 5 ವಿಕೆಟ್ ಕಿತ್ತು ಬಂದಾಗ ಕಾರು ಕೊಡುತ್ತೇವೆಂದರು. ಕಾರು ಬೇಡ, ಮನೆ ಬೇಕು ಎಂದರು ಆಕೆ. ಫೈನಲ್ ತನಕ ಹೋಗಿಬಂದ ಆಟಗಾರ್ತಿ ಕುಟುಂಬಕ್ಕೊಂದು ಸೂರು ಕೇಳಬೇಕಾಗಿ ಬಂದದ್ದಕ್ಕೆ ತಲೆತಗ್ಗಿಸುವ ಬದಲು ನಾವು ಹಾರ ಹಾಕಿ ಫೋಟೊ ತೆಗೆಸಿಕೊಂಡೆವು.

ದೇಶೀಯ ಕ್ರಿಕೆಟ್ಟಿನಲ್ಲಿ ವಯಸ್ಸಿನ ಲೆಕ್ಕ ನಿಷ್ಠುರ. ಹದಿಮೂರಕ್ಕೆ ಆಟ ಬಿಡಿಸಿದವಳನ್ನು ಹದಿನೆಂಟಕ್ಕೆ ಮರಳಿ ಕಳಿಸಿದರೆ ಆಗುವುದೇನು? ಸೀಸನ್ ಬಾಲಿನ ಭಯ ಕಳೆಯುವ ವರ್ಷಗಳು, ಭುಜ ಕಸುವು ತುಂಬಿಕೊಳ್ಳುವ ವರ್ಷಗಳು ಕಸ ಮುಸುರೆಯಲ್ಲಿ ಹೋಗಿರುತ್ತವೆ. ಜೊತೆಯವರು ಆಗಲೇ ರಾಜ್ಯ ತಂಡದ ಹೊಸ್ತಿಲಲ್ಲಿರುತ್ತಾರೆ. ಇವಳಿಗೆ ನಾವು ಗಂಡು ಗೊತ್ತು ಮಾಡಿರುತ್ತೇವೆ.

ಗಂಡುಹುಡುಗರ ಟೆನಿಸ್ ಬಾಲ್ ಟೂರ್ನಿಗೆಂದರೆ ಊರ ತುಂಬ ಪಟ್ಟಿ ಎತ್ತುತ್ತೇವೆ, ಪೆಂಡಾಲು ಹೊಡೆಸುತ್ತೇವೆ, ಶಾಸಕರನ್ನು ಕರೆಸುತ್ತೇವೆ. ಅದೇ ಪಟ್ಟಿಯಲ್ಲಿ ಹುಡುಗಿಯರಿಗೊಂದು ಜೊತೆ ಪ್ಯಾಡು ಕೊಡಿಸೋಣವೆಂದು ಯಾವ ಹಿರಿಯರು ಬಾಯಿಬಿಟ್ಟರು? ಶಾಲೆಯಲ್ಲಿ ಅವರ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರೆ, ಯಾಕೆಂದು ಕೇಳಲು ಯಾವ ಪಾಲಕರು ಹೋದರು?